ಬಹ್ರೇನ್ ಆಡ್ತೈತಿ, ಭಾರತ ಯಾಕ ನೋಡ್ತೈತಿ?

ಮರಳಿ: ಕ್ರಿಕೆಟ್ಟಿನಲ್ಲಿ ಭಾರತ ಸೋತ ಮರುದಿನ ಗಂಗಾವತಿ ಬಸ್ಸು ಹತ್ತಿ ನೋಡಿ. ಕಂಡಕ್ಟರು ಚಿಲ್ಲರೆ ಕೇಳಿದರೂ ಜನ ಸಿಡುಕುತ್ತಾರೆ. ಅವ ಯಾಕ ಔಟಾದ, ಇವನಿಗ್ಯಾಕ ಬೌಲಿಂಗ್ ಕೊಟ್ರು ಅಂತ ಮರಳಿ ಸ್ಟಾಪು ಬರುವ ತನಕ ಅದೇ ಮಾತು. ಕಬಡ್ಡಿಯಲ್ಲಿ ಸೋತರೂ ನಾಲ್ಕು ಮಂದಿ ಬೈಯುತ್ತಾರೆ. ಆದರೆ ಹ್ಯಾಂಡ್‌ಬಾಲ್ ಆಟದಲ್ಲಿ ನಮ್ಮ ದೇಶದ ಗಂಡಸರ ತಂಡ ಸೋತರೆ ಬೈಯುವವರೂ ಇಲ್ಲ, ಗೆದ್ದರೆ ಒಂದು ಪಟಾಕಿ ಹೊಡೆಯುವವರೂ ಇಲ್ಲ. ಅಂಥದೊಂದು ತಂಡ ಇದೆ ಅನ್ನೋದೇ ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ಇದೆ ಸ್ವಾಮಿ, ಇದೆ. ಭಾರತದ ಹ್ಯಾಂಡ್‌ಬಾಲ್ ಒಕ್ಕೂಟ ಹುಟ್ಟಿದ್ದು 1972ರಲ್ಲಿ. ಅದೇ ವರ್ಷ ಹರಿಯಾಣದ ರೋಹ್ತಕ್‌ನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅರ್ಧ ಶತಮಾನ ದಾಟಿತು. ಇಷ್ಟು ವರ್ಷದಲ್ಲಿ ನಮ್ಮ ಗಂಡಸರ ತಂಡ ಒಮ್ಮೆಯೂ ಒಲಿಂಪಿಕ್ಸ್ ಹ್ಯಾಂಡ್‌ಬಾಲ್ ಆಡಿಲ್ಲ. ವಿಶ್ವ ಚಾಂಪಿಯನ್‌ಷಿಪ್ಪಿಗೆ ಒಮ್ಮೆಯೂ ಅರ್ಹತೆ ಪಡೆದಿಲ್ಲ. ಏಷ್ಯನ್ ಗೇಮ್ಸಿನಲ್ಲಿ ಒಂದು ಕಂಚೂ ಇಲ್ಲ. ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿಯೂ ಪದಕ ಕಂಡಿಲ್ಲ. ಲೆಕ್ಕದ ಪುಸ್ತಕ ತೆಗೆದರೆ ಜಮಾ ಕಡೆ ಕಾಣುವುದು ನೆರೆಹೊರೆಯವರ ಜೊತೆಗಿನ ವ್ಯವಹಾರ ಮಾತ್ರ. 2016ರಲ್ಲಿ ಗುವಾಹಟಿಯಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚಿನ್ನ ತಂದರು. 2019ರಲ್ಲಿ ನೇಪಾಳದಲ್ಲಿ ಅದೇ ಪಾಕಿಸ್ತಾನಕ್ಕೆ ಸೋತು ಬೆಳ್ಳಿಗೆ ಸಮಾಧಾನಪಟ್ಟರು. ಓಣಿಯಲ್ಲಿ ಪೈಲ್ವಾನ, ಸಂತೆಯಲ್ಲಿ ಸಾಮಾನ್ಯ ಅನ್ನೋ ಹಾಗಾಯಿತು ಕಥೆ.

"ಇರ್ಲಿ ಬಿಡ್ರೀ, ಅದು ನಮ್ಮ ಆಟ ಅಲ್ಲ" ಅಂತ ಕಿರಾಣಿ ಅಂಗಡಿ ಯಜಮಾನರು ತಕ್ಕಡಿ ಎತ್ತುತ್ತಲೇ ಹೇಳಬಹುದು. ಅಲ್ಲೇ ಇರೋದು ನೋಡ್ರಿ ವಿಷಯ. ಇದು ನಮ್ಮ ಆಟ ಆಗಬಹುದಿತ್ತು. ಈಗಲೂ ಆಗಬಹುದು. ಆಗದೇ ಇರುವುದಕ್ಕೆ ಕಾರಣ ಮೈಯಲ್ಲಿ ಇಲ್ಲ, ವ್ಯವಸ್ಥೆಯಲ್ಲಿದೆ.

* ಎಂಟು ಗುಂಟೆಯ ಆಟ *

ಮೊದಲು ಆಟ ಏನಂತ ತಿಳಿಯೋಣ. ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಅಂದರೆ 800 ಚದರ ಮೀಟರು. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಎಂಟು ಗುಂಟೆ ಜಾಗ. ಎರಡೂ ತುದಿಗೆ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲು. ಒಂದು ಕಡೆ ಏಳು ಮಂದಿ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಅರ್ಧ ಗಂಟೆಯಂತೆ ಎರಡು ಸರದಿ. ಗೋಲಿನ ಮುಂದೆ ಆರು ಮೀಟರಿಗೆ ಒಂದು ಕಮಾನು ಗೆರೆ. ಆ ಗೆರೆಯ ಒಳಗೆ ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಗೆರೆಯ ಹೊರಗಿಂದ ಹಾರಿ, ಗಾಳಿಯಲ್ಲಿರುವಾಗಲೇ ಚೆಂಡು ಬಿಟ್ಟರೆ ಮಾತ್ರ ಮಾಫಿ.

ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಗೋಲಿಗೆ ನುಗ್ಗದೆ ಸುಮ್ಮನೆ ಕಾಲ ಕಳೆದರೆ ಅಂಪೈರು ಕೈ ಎತ್ತಿ ಎಚ್ಚರಿಸುತ್ತಾರೆ. ಆಮೇಲೆ ನಾಲ್ಕು ಪಾಸಿನೊಳಗೆ ಗೋಲಿಗೆ ಎಸೆಯಬೇಕು. ತಪ್ಪು ಮಾಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಅಷ್ಟು ಹೊತ್ತು ಆ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಒಳ್ಳೆ ತಂಡಗಳ ಪಂದ್ಯದಲ್ಲಿ ಒಂದೊಂದು ಕಡೆಗೆ 25, 30 ಗೋಲು ಬೀಳುತ್ತವೆ. ಫುಟ್‌ಬಾಲಿನ ಹಾಗೆ ಒಂದು ಗೋಲಿಗಾಗಿ ತೊಂಬತ್ತು ನಿಮಿಷ ಕಾಯುವ ಮಾತಿಲ್ಲ.

ಓಟ, ಜಿಗಿತ, ಎಸೆತ, ಹಿಡಿತ. ಕಬಡ್ಡಿಯಲ್ಲಿ ಕಾಲು ಹಿಡಿದು ಕೆಡವುವ, ಗಿಡಕ್ಕೆ ಕಲ್ಲೆಸೆದು ಮಾವಿನಕಾಯಿ ಬೀಳಿಸುವ ನಮ್ಮ ಹುಡುಗರಿಗೆ ಇದರಲ್ಲಿ ಬಾರದ್ದು ಏನಿದೆ ಹೇಳಿ?

* ಬರ್ಲಿನ್ನಿನಲ್ಲಿ ಎರಡು ಆಟ *

ಒಂದು ಹಳೆಯ ಸಂಗತಿ ಕೇಳಿ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಹ್ಯಾಂಡ್‌ಬಾಲ್ ಮೊದಲ ಸಲ ಪದಕದ ಆಟವಾಯಿತು. ಆಗ ಅದು ಬಯಲಿನಲ್ಲಿ ಹನ್ನೊಂದು ಮಂದಿ ಆಡುವ ಆಟ. ಅದೇ ಬರ್ಲಿನ್ನಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಹೋಗಿ ನಮ್ಮ ಕಬಡ್ಡಿ ಆಡಿ ತೋರಿಸಿದರು. ಜರ್ಮನರ ಆಟವೂ ನಮ್ಮ ಆಟವೂ ಒಂದೇ ಊರಿನಲ್ಲಿ ಜಗತ್ತಿನ ಮುಂದೆ ನಿಂತವು.

ನಂತರ 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿಗೆ ಏಳು ಮಂದಿಯ ಒಳಾಂಗಣ ಹ್ಯಾಂಡ್‌ಬಾಲ್ ಬಂತು. 1982ರಲ್ಲಿ ದೆಹಲಿಯ ಏಷ್ಯಾಡಿನಲ್ಲಿ ಹ್ಯಾಂಡ್‌ಬಾಲ್ ಮೊದಲ ಬಾರಿಗೆ ಏಷ್ಯನ್ ಗೇಮ್ಸ್ ಪದಕದ ಪಟ್ಟಿಗೆ ಸೇರಿತು. ನಮ್ಮ ಮನೆ ಅಂಗಳದಲ್ಲೇ! ಚೀನಾ ಚಿನ್ನ, ಜಪಾನ್ ಬೆಳ್ಳಿ, ದಕ್ಷಿಣ ಕೊರಿಯಾ ಕಂಚು ಹೊತ್ತುಕೊಂಡು ಹೋದವು. ಆತಿಥೇಯರಾದ ನಾವು ಊಟ ಬಡಿಸಿ ಕೈ ತೊಳೆದುಕೊಂಡೆವು. ಅದೇ ದೆಹಲಿಯಲ್ಲಿ ಕಬಡ್ಡಿಯನ್ನು ಪದಕವಿಲ್ಲದ ಪ್ರದರ್ಶನ ಆಟವಾಗಿ ಆಡಿಸಿದರು.

ಅಲ್ಲಿಂದ ಎರಡು ದಾರಿ. ಕಬಡ್ಡಿಗೆ 1990ರ ಬೀಜಿಂಗ್‌ನಲ್ಲಿ ಪದಕದ ಮಾನ ಸಿಕ್ಕಿತು. ಆಗಿನಿಂದ 2014ರ ಇಂಚಾನ್ ತನಕ ಏಳು ಏಷ್ಯನ್ ಗೇಮ್ಸ್, ಏಳೂ ಚಿನ್ನ ಭಾರತಕ್ಕೆ. ಹ್ಯಾಂಡ್‌ಬಾಲಿಗೆ ಸೊನ್ನೆ. ಒಂದು ಆಟಕ್ಕೆ ಹಳ್ಳಿ ಹಳ್ಳಿಯಲ್ಲಿ ತಳಪಾಯ ಇತ್ತು, ಜಾತ್ರೆಯಲ್ಲಿ ಟೂರ್ನಿ ಇತ್ತು, ನೋಡುವ ಮಂದಿ ಇದ್ದರು. ಇನ್ನೊಂದಕ್ಕೆ ಮೇಲೆ ಆಫೀಸು ಇತ್ತು, ಹಳ್ಳಿಯಲ್ಲಿ ಏನೂ ಇರಲಿಲ್ಲ. ಬೇರಿಲ್ಲದ ಗಿಡಕ್ಕೆ ತುದಿಯಲ್ಲಿ ನೀರು ಹಾಕಿದರೆ ಹಣ್ಣು ಬಂದೀತೇ?

* ನಮ್ಮ ಜಿಲ್ಲೆಯಷ್ಟು ದೇಶ *

"ನೂರಾ ನಲವತ್ತು ಕೋಟಿ ಜನರಲ್ಲಿ ಏಳು ಮಂದಿ ಸಿಗಲಿಲ್ಲೇನ್ರೀ?" ಅನ್ನೋ ಪ್ರಶ್ನೆ ಎಲ್ಲ ಆಟಕ್ಕೂ ಬರುತ್ತದೆ. ಪ್ರಶ್ನೆ ಸರಿ. ಆದರೆ ಜನ ಎಷ್ಟಿದ್ದಾರೆ ಅನ್ನೋದು ಮುಖ್ಯವೇ ಅಲ್ಲ ಅಂತ ಹ್ಯಾಂಡ್‌ಬಾಲ್ ತೋರಿಸಿಕೊಟ್ಟಿದೆ.

2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13 ಲಕ್ಷ 89 ಸಾವಿರ ಚಿಲ್ಲರೆ. ಕೊಲ್ಲಿಯ ಬಹ್ರೇನ್ ದೇಶಕ್ಕೆ 2020ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 15 ಲಕ್ಷ. ಹೆಚ್ಚು ಕಡಿಮೆ ನಮ್ಮ ಜಿಲ್ಲೆಯೇ! ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯಲು ಹೋದ ಹೊರದೇಶದವರು. ಆ ಬಹ್ರೇನ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ಹ್ಯಾಂಡ್‌ಬಾಲಿನಲ್ಲಿ ಎಂಟರ ಘಟ್ಟ ಮುಟ್ಟಿತು. ಅಲ್ಲಿ ಸೋತದ್ದು ಫ್ರಾನ್ಸಿಗೆ, ಮುಂದೆ ಚಿನ್ನವನ್ನೇ ಗೆದ್ದ ತಂಡಕ್ಕೆ. 2018 ಮತ್ತು 2023ರಲ್ಲಿ ನಡೆದ ಏಷ್ಯನ್ ಗೇಮ್ಸ್‌ಗಳಲ್ಲಿ ಅದಕ್ಕೆ ಬೆಳ್ಳಿ.

ಇನ್ನೂ ಸಣ್ಣ ಊರು ಬೇಕೆ? ಐಸ್‌ಲ್ಯಾಂಡ್. 2008ರಲ್ಲಿ ಅಲ್ಲಿನ ಜನಸಂಖ್ಯೆ 3 ಲಕ್ಷ 20 ಸಾವಿರದ ಆಸುಪಾಸು. ನಮ್ಮ ಜಿಲ್ಲೆಯ ಕಾಲು ಭಾಗವೂ ಇಲ್ಲ. ಅಷ್ಟು ಮಂದಿ ಕೊಪ್ಪಳದ ಗವಿಮಠದ ಜಾತ್ರೆಗೇ ಸೇರುತ್ತಾರೆ. ಆ ದೇಶ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಫೈನಲ್ ಆಡಿ ಬೆಳ್ಳಿ ತಂದಿತು. ಎರಡು ವರ್ಷದ ನಂತರ ಯುರೋಪ್ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು. ಚಳಿಗಾಲದಲ್ಲಿ ಹೊತ್ತು ಮೂಡುವುದೇ ಅಪರೂಪ ಅನ್ನುವ ನಾಡು ಅದು. ಅದಕ್ಕೇ ಸಣ್ಣ ಸಣ್ಣ ಊರುಗಳಲ್ಲೂ ಒಳಾಂಗಣ ಕಟ್ಟಿದರು, ಕ್ಲಬ್ಬು ಮಾಡಿದರು, ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಇಷ್ಟೇ ಗುಟ್ಟು.

ರೊಕ್ಕದಿಂದ ಗೆದ್ದವರೂ ಇದ್ದಾರೆ, ಮುಚ್ಚಿಡುವುದು ಬೇಡ. ಕತಾರ್ ದೇಶ ಯುರೋಪಿನ ಆಟಗಾರರಿಗೆ ತನ್ನ ಪೌರತ್ವ ಕೊಟ್ಟು, ಸ್ಪೇನಿನ ವಲೆರೊ ರಿವೇರಾ ಎಂಬ ಕೋಚನ್ನು ಕರೆತಂದು ತಂಡ ಕಟ್ಟಿತು. ಹಳೆಯ ದೇಶದ ಪರ ಮೂರು ವರ್ಷ ಆಡದೆ ಇದ್ದರೆ ಹೊಸ ದೇಶಕ್ಕೆ ಆಡಬಹುದು ಎಂಬ ನಿಯಮ ಆಗ ಇತ್ತು. 2015ರ ವಿಶ್ವ ಚಾಂಪಿಯನ್‌ಷಿಪ್ ಫೈನಲಿನಲ್ಲಿ ಕತಾರ್ 25–22ರಿಂದ ಫ್ರಾನ್ಸಿಗೆ ಸೋತಿತು. ಯುರೋಪಿನ ಹೊರಗಿನ ಒಂದು ದೇಶ ಫೈನಲ್ ತಲುಪಿದ್ದು ಅದೇ ಮೊದಲು. ಏಷ್ಯಾ ಚಾಂಪಿಯನ್‌ಷಿಪ್ಪನ್ನು 2014ರಿಂದ 2024ರವರೆಗೆ ಸತತ ಆರು ಸಲ ಅದೇ ಎತ್ತಿಕೊಂಡಿತು. ಅವರ ಹತ್ತಿರ ಗ್ಯಾಸು ಇದೆ, ಖರ್ಚು ಮಾಡಿದರು. ನಾವು ಆ ದಾರಿ ಹಿಡಿಯಲಾರೆವು, ಹಿಡಿಯಬೇಕಾಗಿಯೂ ಇಲ್ಲ. ನಮಗೆ ಐಸ್‌ಲ್ಯಾಂಡಿನ ದಾರಿಯೇ ಸಾಕು.

* ಇರಾನ್ ಕಲಿಸಿದ ಪಾಠ *

ಆಟ ಯಾರಪ್ಪನ ಆಸ್ತಿಯೂ ಅಲ್ಲ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ಕಬಡ್ಡಿ ಅಂದರೆ ಭಾರತ ಅಂತ ನಾವು ಎದೆ ಉಬ್ಬಿಸಿಕೊಂಡಿದ್ದೆವು. 2004, 2007, 2016ರ ಮೂರೂ ವಿಶ್ವಕಪ್ ಫೈನಲ್‌ಗಳಲ್ಲಿ ಎದುರಿಗೆ ಬಂದವರು ಇರಾನಿನವರು, ಮೂರರಲ್ಲೂ ಸೋತರು. ನಾವು ನಕ್ಕೆವು. ಅವರು ಸುಮ್ಮನೆ ಹೋಗಿ ಅಭ್ಯಾಸ ಮಾಡಿದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲಿನಲ್ಲಿ ಅದೇ ಇರಾನ್ 27–18ರಿಂದ ನಮ್ಮನ್ನು ಕೆಡವಿತು. 28 ವರ್ಷದ ಚಿನ್ನದ ಸರಪಳಿ ಅಲ್ಲಿಗೆ ತುಂಡಾಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ಚಿನ್ನ ಮರಳಿ ಬಂದಿತಾದರೂ, ಆ ಫೈನಲ್ ಜಗಳ, ವಾದ ಎಲ್ಲ ಮುಗಿದು 33–29ಕ್ಕೆ ನಿಂತಾಗ ನಮ್ಮವರ ಬೆವರು ಇಳಿದಿತ್ತು.

ನಮ್ಮ ಮಣ್ಣಿನ ಆಟವನ್ನು ಇರಾನಿನವರು ಕಲಿತು ನಮ್ಮನ್ನೇ ಸೋಲಿಸಬಹುದಾದರೆ, ಪರದೇಶದ ಆಟವನ್ನು ನಾವು ಯಾಕೆ ಕಲಿಯಬಾರದು? ನಮ್ಮ ಹೆಣ್ಣುಮಕ್ಕಳು ಅದನ್ನು ತೋರಿಸಿಯೂ ಬಿಟ್ಟಿದ್ದಾರೆ. 2022ರ ಮಾರ್ಚಿನಲ್ಲಿ ಕಜಕಸ್ತಾನದ ಅಲ್ಮಾಟಿಯಲ್ಲಿ ನಡೆದ ಏಷ್ಯಾ ಜೂನಿಯರ್ ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್‌ಷಿಪ್ಪಿನಲ್ಲಿ ಥಾಯ್ಲೆಂಡನ್ನು ಸೋಲಿಸಿ ಪಟ್ಟ ತಂದರು. ಗಂಡಸರ ತಂಡ ಇದುವರೆಗೆ ಮಾಡದ ಕೆಲಸ ಅದು.

* ತಡೆ ಎಲ್ಲಿದೆ? *

ಮೊದಲ ತಡೆ ನೆಲದ್ದು. ದೊಡ್ಡ ಪಂದ್ಯಗಳೆಲ್ಲ ಒಳಾಂಗಣದಲ್ಲಿ, ಮರದ ಅಥವಾ ಸಿಂಥೆಟಿಕ್ ನೆಲದ ಮೇಲೆ. ನಮ್ಮ ಹುಡುಗರು ಕಲಿಯುವುದು ಮಣ್ಣಿನ ಮೇಲೆ. ಮಣ್ಣಿನಲ್ಲಿ ಚೆಂಡು ಪುಟಿಯುವ ರೀತಿಯೇ ಬೇರೆ. ಹಾರಿ ಬಿದ್ದರೆ ಮೊಣಕೈ ಕಿತ್ತು ಬರುತ್ತದೆ. ಹೀಗಾಗಿ ಹಾರಿ ಎಸೆಯುವ ಅಭ್ಯಾಸವೇ ಆಗುವುದಿಲ್ಲ. ಆ ಎಸೆತವೇ ಈ ಆಟದ ಜೀವ.

ಎರಡನೆಯದು ಕೆಲಸದ್ದು. ದೇಶದಲ್ಲಿ ಹ್ಯಾಂಡ್‌ಬಾಲ್ ಉಳಿದಿರುವುದೇ ಸೇನೆ, ರೈಲ್ವೆ, ಅರೆಸೇನಾ ಪಡೆಗಳ ತಂಡಗಳಿಂದ. ಆಡಿದರೆ ನೌಕರಿ, ನೌಕರಿ ಇದ್ದರೆ ಆಟ. ಹರಿಯಾಣ, ಪಂಜಾಬಿನ ಹಳ್ಳಿ ಹುಡುಗರಿಗೆ ಈ ದಾರಿ ಬಾಯಿಪಾಠ. ನಮ್ಮ ಹುಡುಗರಿಗೆ ದಾರಿ ಹೇಳುವವರೇ ಇಲ್ಲ. 2023ರ ಜೂನಿನಲ್ಲಿ ಜೈಪುರದಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ಅಂತ ನಡೆಯಿತು. ಆರು ತಂಡಗಳು: ಮಹಾರಾಷ್ಟ್ರ, ಉತ್ತರ ಪ್ರದೇಶ, ರಾಜಸ್ಥಾನ, ಗುಜರಾತ್, ದೆಹಲಿ, ಜೊತೆಗೆ ತೆಲುಗರದೊಂದು. ಗೆದ್ದದ್ದು ಮಹಾರಾಷ್ಟ್ರ. ಅತ್ತ ಮಹಾರಾಷ್ಟ್ರದವರು ಇದ್ದರು, ಇತ್ತ ತೆಲುಗರು ಇದ್ದರು, ನಡುವೆ ಇರುವ ಕರ್ನಾಟಕ ಮಾತ್ರ ಇರಲಿಲ್ಲ!

ಮೂರನೆಯದು ಕುರ್ಚಿಯದ್ದು. ಇತ್ತೀಚಿನ ವರ್ಷಗಳಲ್ಲಿ ಹ್ಯಾಂಡ್‌ಬಾಲ್ ಆಡಳಿತದಲ್ಲಿ ಬಣಗಳಾಗಿ, ನಾವು ಅಸಲಿ ನೀವು ನಕಲಿ ಅಂತ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ದೊಡ್ಡವರ ಜಗಳದಲ್ಲಿ ನಷ್ಟ ಯಾರಿಗೆ? ಬೆಳಗಿನ ಜಾವ ಎದ್ದು ಓಡುವ ಹುಡುಗನಿಗೆ.

* ಸರ್ಟಿಫಿಕೇಟಿನ ಲೆಕ್ಕ ತಿಳಿದಿರಲಿ *

ಆ ನಷ್ಟ ಎಂಥದ್ದು ಅಂತ ತಂದೆ ತಾಯಿಗಳು ಸರಿಯಾಗಿ ತಿಳಿಯಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಒಪ್ಪಿತವಾದ ಆಟಗಳ ಪಟ್ಟಿಯಲ್ಲಿ ಹ್ಯಾಂಡ್‌ಬಾಲ್ ಇದೆ. ಕಬಡ್ಡಿ, ಖೋಖೋ ಕೂಡ ಇವೆ. ಆದರೆ ತಾಲೂಕು ಮಟ್ಟದಲ್ಲಿ ಗೆದ್ದ, ಜಿಲ್ಲಾ ಮಟ್ಟದಲ್ಲಿ ಗೆದ್ದ ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟೇ.

ನಡೆಯುವುದು ಯಾವುದು? ದೇಶದ ಪರ ಆಡಿದ್ದರೆ ರಾಷ್ಟ್ರೀಯ ಒಕ್ಕೂಟದ ಕಾರ್ಯದರ್ಶಿ ಸಹಿ ಮಾಡಿದ ಪತ್ರ. ರಾಜ್ಯದ ಪರ ರಾಷ್ಟ್ರೀಯ ಪಂದ್ಯ ಆಡಿದ್ದರೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದ್ದರೆ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿಯದು. ರಾಜ್ಯದ ಶಾಲಾ ತಂಡದಲ್ಲಿ ರಾಷ್ಟ್ರೀಯ ಶಾಲಾ ಕ್ರೀಡೆಗೆ ಹೋಗಿದ್ದರೆ ಶಿಕ್ಷಣ ಇಲಾಖೆಯ ಅಧಿಕಾರಿಯದು. ಈಗ ಯೋಚಿಸಿ: ಸಂಸ್ಥೆಯೇ ಎರಡು ಹೋಳಾದರೆ ಯಾರ ಸಹಿ ನಡೆಯುತ್ತದೆ? ನಾಲ್ಕು ವರ್ಷ ಮೈ ಮುರಿದು ಆಡಿದ ಹುಡುಗನ ಕೈಯಲ್ಲಿ ಉಳಿಯುವುದು ಕಾಗದವೋ, ನೌಕರಿಯೋ? ಅದಕ್ಕೇ ನಮ್ಮ ಮಕ್ಕಳಿಗೆ ಸದ್ಯಕ್ಕೆ ಗಟ್ಟಿ ದಾರಿ ಶಾಲೆ ಮತ್ತು ವಿಶ್ವವಿದ್ಯಾಲಯದ್ದು. ಅಲ್ಲಿ ಬಣಗಳ ಕಾಟ ಕಡಿಮೆ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಕಣ್ಣಿಗೆ ಕಾಣುತ್ತವೆ.

ಸರ್ಕಾರದ ಕೈ ಎಷ್ಟು ಬಿಗಿ ಅನ್ನೋದೂ ಗೊತ್ತಿರಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ನಮ್ಮ ಗಂಡಸರು, ಹೆಂಗಸರು ಎರಡೂ ತಂಡ ನೇಪಾಳವನ್ನು ಸೋಲಿಸಿ ಕಪ್ ತಂದರು. ಗಂಡಸರ ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್, ಹೆಂಗಸರ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ತಲಾ ಐದು ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನವರಿಗೆ ತಲಾ ಎರಡೂ ಕಾಲು ಕೋಟಿ ಕೊಟ್ಟಿತ್ತು. ನಮ್ಮ ಇಬ್ಬರೂ ಐದು ಲಕ್ಷವನ್ನು ಬೇಡ ಅಂದರು. ರೊಕ್ಕದ ಆಸೆಗೆ ಅಂದದ್ದಲ್ಲ, ಮರ್ಯಾದೆಗೆ ಅಂದದ್ದು. ವಿಶ್ವಕಪ್ ಗೆದ್ದವರ ಪಾಡೇ ಹೀಗಾದರೆ ಪದಕವಿಲ್ಲದ ಹ್ಯಾಂಡ್‌ಬಾಲಿನವರನ್ನು ಕೇಳುವವರು ಯಾರು?

* ನಮ್ಮ ಕೈಯಲ್ಲಿ ಏನಿದೆ? *

ಬೆಂಗಳೂರು, ದೆಹಲಿಯನ್ನು ಬೈದರೆ ಗಂಟಲು ಒಣಗುತ್ತದೆ, ಗೋಲು ಬೀಳುವುದಿಲ್ಲ. ನಮ್ಮ ಹೋಬಳಿಯಲ್ಲಿ ಆಗುವ ಕೆಲಸ ನೋಡೋಣ.

ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಸೀಮೆಗೆ ಭತ್ತ ಬಂತು, ರೈಸ್ ಮಿಲ್ಲುಗಳು ಬಂದವು, ರೊಕ್ಕವೂ ಬಂತು. ಎಕರೆಗಟ್ಟಲೆ ಗದ್ದೆ ಮಾಡುವ ನಮಗೆ ಮಕ್ಕಳಿಗಾಗಿ ಎಂಟು ಗುಂಟೆ ದೊಡ್ಡದೇ? ಶಾಲೆಯ ಮೈದಾನ ಇದ್ದಲ್ಲಿ ಅದೂ ಬೇಡ. ಸುಣ್ಣದ ಗೆರೆ ಹಾಕಿ, ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿನ ಎರಡು ಗೋಲು ಮಾಡಿಸಿ, ಮೀನಿನ ಬಲೆ ಕಟ್ಟಿದರೂ ಕಲಿಯುವುದಕ್ಕೆ ಸಾಕು. ಹಾರಿ ಬೀಳುವ ಜಾಗದಲ್ಲಿ ಕಲ್ಲು ಆರಿಸಿ ಮರಳು ಮಿಶ್ರಿತ ಮಣ್ಣು ಹಾಕಿಸಬೇಕು. ದೊಡ್ಡವರ ಚೆಂಡು 425ರಿಂದ 475 ಗ್ರಾಂ ತೂಗುತ್ತದೆ, ಸುತ್ತಳತೆ 58ರಿಂದ 60 ಸೆಂಟಿಮೀಟರ್. ಸಣ್ಣ ಮಕ್ಕಳಿಗೆ ಅದನ್ನು ಕೊಡಬಾರದು, ಭುಜ ನೋಯುತ್ತದೆ. ಅವರಿಗಾಗಿ ಸಣ್ಣ ಅಳತೆಯ ಚೆಂಡೇ ಬೇರೆ ಬರುತ್ತದೆ, ಕೇಳಿ ತರಬೇಕು.

ಎರಡನೆಯ ಮಾತು ಪಿ.ಟಿ. ಮಾಸ್ತರರದು. ಎಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆಯೋ ಅಲ್ಲಿ ಎಸ್‌ಡಿಎಂಸಿಯವರು ಬಿಇಒ ಸಾಹೇಬರಿಗೆ ಬರೆದು ಕೊಡಬೇಕು. ಒಮ್ಮೆ ಬರೆದು ಸುಮ್ಮನಾಗಬಾರದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮತ್ತೆ ಮತ್ತೆ ನೆನಪಿಸಬೇಕು. ಮಾಸ್ತರರು ಇರುವಲ್ಲಿ ಅವರನ್ನು ಬಿಸಿಯೂಟದ ಲೆಕ್ಕಕ್ಕೂ ಗಣತಿಗೂ ಓಡಾಡಿಸದೆ ಮೈದಾನದಲ್ಲಿ ಬಿಡಬೇಕು.

ಮೂರನೆಯದು ನಮ್ಮ ಅಂಗಡಿಕಾರರಿಗೆ. ಜಾತ್ರೆಯಲ್ಲಿ ಕಬಡ್ಡಿ ಟೂರ್ನಿಗೆ, ರಜೆಯಲ್ಲಿ ಕ್ರಿಕೆಟ್ ಟೂರ್ನಿಗೆ ನೀವು ಚಂದಾ ಕೊಡುತ್ತೀರಿ, ಕಪ್ಪಿನ ಮೇಲೆ ಹೆಸರು ಹಾಕಿಸುತ್ತೀರಿ. ಒಳ್ಳೆಯದು. ಒಂದು ವರ್ಷ ಆ ಚಂದಾದಲ್ಲಿ ಸ್ವಲ್ಪ ಭಾಗ ಎರಡು ಚೆಂಡಿಗೆ, ಒಂದು ಜೊತೆ ಗೋಲಿಗೆ ಕೊಟ್ಟು ನೋಡಿ. ಕಪ್ಪು ಬೀರುವಿನಲ್ಲಿ ಕೂರುತ್ತದೆ. ಚೆಂಡು ದಿನಾ ಸಂಜೆ ನಲವತ್ತು ಮಕ್ಕಳ ಕೈಯಲ್ಲಿ ಓಡಾಡುತ್ತದೆ.

ನಾಳೆಯೇ ಮರಳಿಯ ಹುಡುಗ ಭಾರತ ತಂಡ ಸೇರಿ ಬಹ್ರೇನಿಗೆ ಗೋಲು ಹೊಡೆಯುತ್ತಾನೆ ಅಂತ ಈ ಅಂಕಣ ಸುಳ್ಳು ಭರವಸೆ ಕೊಡುವುದಿಲ್ಲ. ಹತ್ತು ಹದಿನೈದು ವರ್ಷದ ಮಾತು ಅದು. ಆದರೆ ಹೋಬಳಿಗೆ ಒಂದು ತಂಡ ಎದ್ದರೆ ತಾಲೂಕಿಗೆ ಪೈಪೋಟಿ ಬರುತ್ತದೆ, ತಾಲೂಕು ಎದ್ದರೆ ಜಿಲ್ಲೆ. ಅಷ್ಟರಲ್ಲಿ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು ವಿಶ್ವವಿದ್ಯಾಲಯ ತಂಡ ಸೇರಿ ಸರಿಯಾದ ಕಾಗದ ಕೈಯಲ್ಲಿ ಹಿಡಿದು ಒಂದು ನೌಕರಿ ಕಂಡರೆ ಎಂಟು ಗುಂಟೆಯ ಬೆಳೆ ಬಂತು ಅಂತಲೇ ಲೆಕ್ಕ.

ಮುಂದಿನ ಸಲ ದೇಶದ ತಂಡ ಸೋತ ಸುದ್ದಿ ಬಂದಾಗ ಬಸ್ಸಿನಲ್ಲಿ ಕೂತು ಯಾರನ್ನಾದರೂ ಬೈಯುವ ಮೊದಲು ಇಷ್ಟು ಕೇಳಿಕೊಳ್ಳಿ: ನಮ್ಮ ಊರಿನ ಶಾಲೆಯಲ್ಲಿ ಗೋಲು ಎಲ್ಲೈತ್ರೀ?